ಕಾರ್ಡ್ ಮೊದಲೋ, ಕೂಗು ಮೊದಲೋ

ಫುಟ್‌ಬಾಲ್ ರೆಫರಿ ಆಗಬೇಕೆಂದು ಈಗ ಪರೀಕ್ಷೆಗೆ ಓದುತ್ತಿರುವ ಹುಡುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಹೊಗಳಿಕೆ ಅನ್ನುವುದು ಇಲ್ಲ. ಪಂದ್ಯ ಮುಗಿದ ಮೇಲೆ ನಿಮ್ಮ ಹೆಸರು ಯಾರ ಬಾಯಲ್ಲೂ ಬರಲಿಲ್ಲವೆಂದರೆ ಅದೇ ದೊಡ್ಡ ಸನ್ಮಾನ. ಬಂದರೆ ಅದರ ಬೆನ್ನಿಗೆ ನಿಮ್ಮ ತಾಯಿಯ ಹೆಸರು, ತಂಗಿಯ ಹೆಸರು ಎಲ್ಲ ಬರುತ್ತವೆ. ನಾನು ಕೊಲ್ಹಾಪುರ ಜಿಲ್ಲೆಯ ಕುರುಂದವಾಡದವನು, ಅಡ್ಡಹೆಸರು ಚೌಗಲೆ. ವಾರವೆಲ್ಲ ಶಿರೋಳಿಯ ಒಂದು ಫೌಂಡ್ರಿಯಲ್ಲಿ ಎರಕದ ತಪಾಸಣೆ, ರಜೆಯ ದಿನ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಮೈದಾನಗಳಲ್ಲಿ ಸೀಟಿ. ಫೌಂಡ್ರಿಯವರು ವಯಸ್ಸು ನೋಡಿ ನಿವೃತ್ತಿ ಕೊಟ್ಟರು. ಮೈದಾನದಿಂದ ನನ್ನ ಮೊಣಕಾಲು ನಿವೃತ್ತಿ ಕೊಟ್ಟಿತು. ಯಾವ ದರ್ಜೆಗೆ ಏರಿದೆ, ಎಲ್ಲಿ ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಆ ಶಾಲುಗಳ ಮೇಲೆ ನನ್ನ ಹೆಂಡತಿ ಈಗ ಹಪ್ಪಳ ಒಣಗಿಸುತ್ತಾಳೆ.

ಇಲ್ಲಿ ಬರೆಯುವುದು ಕೆಂಪು ಕಾರ್ಡಿನ ವಿಷಯ. ಅದರಲ್ಲೂ ನಮ್ಮ ಕಡೆಯ ಒಂದು ಶಬ್ದದ ವಿಷಯ: ಮುದ್ದಾಮ. ಅಂದರೆ ಬೇಕೆಂದೇ, ಮನಸ್ಸಿಟ್ಟು ಮಾಡಿದ್ದು. ಮೈದಾನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ವಾಕ್ಯ 'ಗೋಲ್' ಅಲ್ಲ, 'ಸರ್, ಮುದ್ದಾಮ ಮಾಡಿಲ್ರಿ' ಎಂಬುದು. ಹಲ್ಲು ಉದುರಿಸಿದವನೂ ಅದನ್ನೇ ಹೇಳಿದ, ಅಂಗಿ ಹರಿದವನೂ ಅದನ್ನೇ ಹೇಳಿದ. ಫೌಂಡ್ರಿಯಲ್ಲಿ ಈ ತೊಂದರೆ ಇರಲಿಲ್ಲ. ಬಿರುಕು ಬಿಟ್ಟ ಎರಕವನ್ನು ನಾನು ಪಕ್ಕಕ್ಕಿಟ್ಟರೆ ಅಚ್ಚು ಕಟ್ಟಿದವನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುತ್ತಿರಲಿಲ್ಲ. ಬಿರುಕು ಅಂದರೆ ಬಿರುಕು. ಮೈದಾನಕ್ಕೆ ಬಂದರೆ ಮಾತ್ರ ಪ್ರತಿಯೊಬ್ಬನೂ ತನ್ನ ಎದೆ ಬಗೆದು ತೋರಿಸಲು ತಯಾರು.

ನನ್ನನ್ನು ತಯಾರು ಮಾಡಿದವರು ಸಾಳುಂಖೆ ಸರ್. ಕೊಲ್ಹಾಪುರದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದರು, ರೆಫರಿಗಳಿಗೆಲ್ಲ ಹಿರಿಯರು. ಆಗಿನ ನಿಯಮದಲ್ಲಿ 'ಉದ್ದೇಶಪೂರ್ವಕ' ಎಂಬ ಮಾತು ಇತ್ತು. ಒದ್ದದ್ದು, ಕೆಡವಿದ್ದು, ತಳ್ಳಿದ್ದು ಉದ್ದೇಶದಿಂದ ಮಾಡಿದ್ದರೆ ಮಾತ್ರ ತಪ್ಪು. ಹಾಗಾದರೆ ಉದ್ದೇಶ ತಿಳಿಯುವುದು ಹೇಗೆ? ಸಾಳುಂಖೆ ಸರ್ ಹತ್ತಿರ ಇದಕ್ಕೆ ಸಿದ್ಧ ಔಷಧವಿತ್ತು. "ಮುಖ ನೋಡಬೇಕು ಚೌಗಲೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೋತಾನ. ಫೌಲ್ ಆದ ಕೂಡ್ಲೆ ಓಡಿ ಹೋಗಿ ಮುಖ ನೋಡು."

ಅವರು ಹಾಗೆಯೇ ಮಾಡುತ್ತಿದ್ದರು. ಸೀಟಿ ಊದಿ, ಓಡಿ ಹೋಗಿ, ಆಟಗಾರನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಜನ ಇದನ್ನು ನೋಡಲೆಂದೇ ಬರುತ್ತಿದ್ದರು. ಒಂದು ಪಂದ್ಯದಲ್ಲಿ ಪಾಂಡು ಎಂಬ ಬ್ಯಾಕ್ ಆಟಗಾರನ ಕಾಲಿಗೆ ಎಡವಿ ಎದುರಿನವನು ಬಿದ್ದ. ಬರೀ ಎಡವಿದ್ದು. ಸಾಳುಂಖೆ ಸರ್ ಓಡಿದರು, ಮುಖ ನೋಡಿದರು, ಕೆಂಪು ಕಾರ್ಡ್ ಎತ್ತಿದರು. "ಕೆಡವಿ ನಗ್ತಾನ ಬದ್ಮಾಶ್!" ಅಂದರು. ಪಾಂಡುವಿನ ಮೇಲಿನ ಹಲ್ಲು ಮುಂದೆ ಬಂದಿದ್ದವು, ತುಟಿ ಮುಚ್ಚುತ್ತಲೇ ಇರಲಿಲ್ಲ. ಅವನ ಮದುವೆಯ ಫೋಟೋದಲ್ಲಿ ಆ ನಗು ಇದೆ, ಅವನ ಅಜ್ಜನನ್ನು ಹೊತ್ತೊಯ್ಯುವಾಗಲೂ ಅದೇ ನಗು ಇತ್ತಂತೆ. ಪಾಂಡುವಿನ ಅಣ್ಣ ಮೈದಾನದೊಳಗೆ ಬಂದು, "ಸರ್, ಅವನು ಹುಟ್ಟಿದಾಗಿಂದ ನಗಾಕತ್ತಾನ್ರಿ" ಎಂದು ಕೈ ಮುಗಿದ. ಸಾಳುಂಖೆ ಸರ್ ಒಮ್ಮೆ ಎತ್ತಿದ ಕಾರ್ಡನ್ನು ಇಳಿಸುವವರಲ್ಲ. ಪಾಂಡು ನಗುನಗುತ್ತಲೇ ಹೊರಗೆ ಹೋದ. ಕಣ್ಣಲ್ಲಿ ಮಾತ್ರ ನೀರಿತ್ತು, ಅದನ್ನು ನಾನು ಗೆರೆಯ ಮೇಲೆ ಬಾವುಟ ಹಿಡಿದು ನಿಂತು ನೋಡಿದೆ.

ಮುಂದೆ ನಿಯಮ ಬದಲಾಯಿತು. ಉದ್ದೇಶ ಎಂಬ ಮಾತನ್ನು ತೆಗೆದು ಹಾಕಿದರು. ಅದರ ಜಾಗಕ್ಕೆ ಮೂರು ಮಾತು ಬಂದವು: ಅಜಾಗರೂಕತೆ, ಬೇಪರ್ವಾತನ, ಅತಿಯಾದ ಬಲ. ಮೊದಲನೆಯದಕ್ಕೆ ಬರೀ ಫ್ರೀ ಕಿಕ್, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ಕೆಂಪು. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಬೇಡಿ, ಅವನು ಹೇಗೆ ಬಂದ ಅದನ್ನು ನೋಡಿ ಎಂದು ಇದರ ಅರ್ಥ. ಸಾಳುಂಖೆ ಸರ್‌ಗೆ ಇದು ಗಂಟಲಲ್ಲಿ ಇಳಿಯಲಿಲ್ಲ. "ಮನಸ್ಸು ತಗದು ಹಾಕಿದ್ರ ಉಳಿದದ್ದೇನು, ಬರೇ ಬೂಟ?" ಎಂದು ಸಭೆಯಲ್ಲಿ ಎದ್ದು ನಿಂತು ಜಗಳ ಆಡಿದರು. ಬಹಳ ಮಂದಿ ಹಿರಿಯರಿಗೆ ಹಾಗೇ ಅನ್ನಿಸಿತು.

ನನಗೆ ಮಾತ್ರ ಕಷ್ಟವಾಗಲಿಲ್ಲ. ಅದಕ್ಕೆ ಕಾರಣ ನನ್ನ ಜಾಣತನವಲ್ಲ, ನಮ್ಮ ಮನೆಯ ರೂಢಿ. ನಾವು ಜೈನರು. ಅಂಗಳದಲ್ಲಿ ಇರುವೆ ಸಾಲು ತುಳಿದರೆ ಅವ್ವ ನನ್ನನ್ನು 'ಯಾಕ ತುಳದಿ' ಅಂತ ಕೇಳಿದವಳಲ್ಲ. ಯಾವ ಹುಡುಗ ಬೇಕೆಂದು ಇರುವೆ ತುಳಿಯುತ್ತಾನೆ? ಅವಳು ಕೇಳುತ್ತಿದ್ದದ್ದು ಒಂದೇ: "ನೋಡಿ ನಡದಿ ಏನ?" ನೋಡಿ ನಡೆದೂ ಕಾಲಡಿಗೆ ಬಂದರೆ ಪಾಪ ಅಲ್ಲ, ನೋಡದೆ ನಡೆದರೆ ಇರುವೆ ಬದುಕಿ ಉಳಿದರೂ ತಪ್ಪು ತಪ್ಪೇ. ನಾನು ಇದನ್ನೇ ಬೂಟು ಹಾಕಿ ಮೈದಾನಕ್ಕೆ ತಂದೆ. ಆಟಗಾರನ ಮುಖ ನೋಡುವುದು ಬಿಟ್ಟು, ಅವನ ಕಣ್ಣು ಚೆಂಡಿನ ಮೇಲೆ ಇತ್ತೋ ಇಲ್ಲವೋ, ಕಾಲು ನೆಲದ ಮೇಲೆ ಇತ್ತೋ ಇಲ್ಲವೋ ನೋಡತೊಡಗಿದೆ.

ಇದರಲ್ಲೂ ಫಜೀತಿ ತಪ್ಪಲಿಲ್ಲ. ಇಚಲಕರಂಜಿಯ ಪಂದ್ಯ ಒಂದು ನೆನಪಾಗುತ್ತದೆ. ಅಲ್ಲಿ ಆಡುವವರಲ್ಲಿ ಅರ್ಧ ಮಂದಿ ಪವರ್‌ಲೂಮ್ ಕೆಲಸಗಾರರು. ದಿನವಿಡೀ ಮಗ್ಗಗಳ ಖಟಖಟದಲ್ಲಿ ನಿಂತು ಅವರ ಕಿವಿ ಮಂದವಾಗಿರುತ್ತಿದ್ದವು. ನಮ್ಮ ಸೀಟಿ ಅವರಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಹೋದರೆ ಸೀಟಿಯ ಜೊತೆಗೆ ಎರಡೂ ಕೈ ಬೀಸಬೇಕು, ಇಲ್ಲವಾದರೆ ಆಟ ನಿಲ್ಲುವುದೇ ಇಲ್ಲ. ಹೊಸದಾಗಿ ಬಂದ ಒಬ್ಬ ರೆಫರಿ, ಸೀಟಿ ಊದಿದ ಮೇಲೂ ಓಡುತ್ತಾರೆಂದು ಅಲ್ಲಿ ಸಾಲಾಗಿ ಹಳದಿ ಕಾರ್ಡ್ ಹಂಚಿ ಬಂದಿದ್ದ. ಅವರು ಸೊಕ್ಕಿನವರಲ್ಲ, ಕಿವುಡರು ಎಂದು ಆಮೇಲೆ ತಿಳಿಯಿತು.

ಆ ಪಂದ್ಯದಲ್ಲಿ ಶಿವಾ ಎಂಬ ಜಾಬರ್, ಅಂದರೆ ಮಗ್ಗ ರಿಪೇರಿ ಮಾಡುವವನು, ಎದುರಿನವನ ಮೇಲೆ ಸಿಟ್ಟಿಗೆದ್ದು ಮುಷ್ಟಿ ಬೀಸಿದ. ಎದುರಿನವನು ತಲೆ ತಗ್ಗಿಸಿದ. ಶಿವಾನ ಮುಷ್ಟಿ ಗಾಳಿಯಲ್ಲಿ ಒಂದು ಸುತ್ತು ಹೋಗಿ, ಅದರ ಹಿಂದೆ ಶಿವಾನೂ ಸುತ್ತು ಹೋಗಿ ನೆಲಕ್ಕೆ ಬಿದ್ದ. ಭುಜದ ಕೀಲು ತಪ್ಪಿತು. ನಾನು ಕೆಂಪು ಕಾರ್ಡ್ ತೋರಿಸಿದೆ. ಅವನ ತಂಡದವರು ಬಾಯಿ ಬಾಯಿ ಬಡಿದುಕೊಂಡರು.

"ಏನ್ ನ್ಯಾಯ ಇದು ಸರ್? ಪೆಟ್ಟು ಯಾರಿಗೂ ಬಿದ್ದಿಲ್ಲ!"

"ಬಿದ್ದೈತಿ, ಇವನಿಗೇ ಬಿದ್ದೈತಿ. ಮತ್ತ ಇವನ್ನss ಹೊರಗ ಹಾಕ್ತೀರಿ!"

ಹೊಡೆತ ತಪ್ಪಿಸಿಕೊಂಡವನೂ ಬಂದು, "ಬಿಡ್ರಿ ಸರ್, ನನಗ ಏನೂ ಆಗಿಲ್ಲ, ಪಾಪ ಅವಂಗ ಭಾಳ ನೋವಾಗೇತಿ" ಎಂದು ಶಿವಾನ ಪರ ವಕಾಲತ್ತು ಮಾಡಿದ. ನಗು ತಡೆದುಕೊಳ್ಳುವುದೇ ನನಗೆ ದೊಡ್ಡ ಕೆಲಸವಾಯಿತು. ಆದರೆ ಕಾರ್ಡ್ ಇಳಿಸಲಿಲ್ಲ. ಹೊಡೆಯಲು ಬೀಸಿದ್ದೇ ತಪ್ಪು, ತಗುಲಿತೋ ಇಲ್ಲವೋ ಎಂಬುದು ಅವನ ಅದೃಷ್ಟದ ಮಾತು. ಪೆಟ್ಟು ಬೀಳದಿದ್ದರೂ ಕೆಂಪು ಇರಬಹುದು, ಪೆಟ್ಟು ಬಿದ್ದರೂ ಕೆಂಪು ಇಲ್ಲದಿರಬಹುದು ಎಂದು ನಾನು ಆ ಕಾಲಕ್ಕೆ ಬಹಳ ಧಿಮಾಕಿನಿಂದ ತರಗತಿಗಳಲ್ಲಿ ಹೇಳಿಕೊಡುತ್ತಿದ್ದೆ. ಹೇಳುವುದು ಸುಲಭ. ಆ ಧಿಮಾಕು ಇಳಿಯಲು ಗಡಹಿಂಗ್ಲಜದ ಒಂದು ಫೈನಲ್ ಬೇಕಾಯಿತು.

ಗಡಹಿಂಗ್ಲಜದವರಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಅಂದು ಊರ ತಂಡಕ್ಕೂ ಕೊಲ್ಹಾಪುರದ ಒಂದು ತಾಲೀಮಿಗೂ ಪಂದ್ಯ. ಹೊರಗಿನವರಿಗೆ ಹೇಳಬೇಕೆಂದರೆ, ತಾಲೀಮು ಅಂದರೆ ಗರಡಿಮನೆ. ಕೊಲ್ಹಾಪುರದಲ್ಲಿ ಪೇಟೆಗೊಂದು ತಾಲೀಮು, ತಾಲೀಮಿಗೊಂದು ಫುಟ್‌ಬಾಲ್ ತಂಡ. ಕುಸ್ತಿ ಕಲಿಸುವ ಗುರುವಿಗೆ ವಸ್ತಾದ ಎನ್ನುತ್ತಾರೆ. ಈ ತಾಲೀಮಿನ ಬಾಪು ವಸ್ತಾದರ ಕೈಯಲ್ಲಿ ಬೆಳೆದ ದತ್ತಾ ಆ ತಂಡದ ಬ್ಯಾಕ್. ತಂದೆ ಇಲ್ಲದ ಅವನಿಗೆ ತಾಲೀಮೇ ಮನೆ. ಎದುರಿಗೆ ಊರ ತಂಡದ ವಿಂಗರ್ ಬಸವರಾಜ, ಮಹಾಗಾಂವದವನು, ವೆಲ್ಡಿಂಗ್ ಕೆಲಸ ಮಾಡುವವನು. ಚೆಂಡು ಕಾಲಿಗೆ ಬಂದರೆ ಕುದುರೆ.

ಬಸವರಾಜ ಚೆಂಡನ್ನು ಮುಂದೆ ತಳ್ಳಿ ಗೆರೆಗುಂಟ ಓಡುತ್ತಿದ್ದ. ದತ್ತಾ ಬದಿಯಿಂದ ಹಾರಿ ಬಂದ. ಚೆಂಡು ಆಗಲೇ ದಾಟಿ ಹೋಗಿತ್ತು. ದತ್ತಾನ ಎರಡೂ ಕಾಲು ನೆಲ ಬಿಟ್ಟಿದ್ದವು. ಬಸವರಾಜನ ಕಾಲಿಗೆ ತಾಗಿದ ಕೂಡಲೇ ಅವು ಕತ್ತರಿಯಂತೆ ಮುಚ್ಚಿಕೊಂಡವು. ಕುಸ್ತಿ ನೋಡಿದವರಿಗೆ ಆ ಪಟ್ಟು ಗೊತ್ತು. ಬಸವರಾಜ ಉರುಳಿ ಬಿದ್ದ. ನನ್ನ ಸೀಟಿ, ಕೆಂಪು ಕಾರ್ಡ್, ಬಸವರಾಜನ ಎದೆ ಒಡೆಯುವಂಥ ಕೂಗು, ಎಲ್ಲ ಒಂದೇ ಗಳಿಗೆಯಲ್ಲಿ ಆಗಿ ಹೋದವು. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಯಾರದೋ ಓಮ್ನಿಯಲ್ಲಿ ಹಾಕಿ ದವಾಖಾನೆಗೆ ಒಯ್ದರು. ದತ್ತಾ ಮೈದಾನದ ಮಧ್ಯದಲ್ಲೇ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ, ನಾನೇ ಎಬ್ಬಿಸಿ ಕಳಿಸಬೇಕಾಯಿತು.

ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ನನ್ನನ್ನು ಒಂದು ಸಂಶಯ ಹಿಡಿಯಿತು. ಸೀಟಿ, ಕಾರ್ಡ್, ಕೂಗು, ಮೂರೂ ನೆನಪಿವೆ. ಆದರೆ ಕಾರ್ಡ್ ಮೊದಲೋ, ಕೂಗು ಮೊದಲೋ? ನೆನಪಾಗಲೊಲ್ಲದು. ಬೇರೆಯವರಿಗೆ ಇದು ಹುಚ್ಚು ಅನ್ನಿಸಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ದತ್ತಾ ಬಂದ ರೀತಿ ನೋಡಿ ನನ್ನ ಕೈ ಎದ್ದಿದ್ದರೆ ಅದು ತೀರ್ಪು. ಆ ಕೂಗು ಕೇಳಿ ಎದ್ದಿದ್ದರೆ ಅದು ಬರೀ ನನ್ನ ಎದೆಯ ಝಲ್ಲು. ಹಾಗಾಗಿದ್ದರೆ, ಕಾಲು ಮುರಿಯಿತೆಂಬ ಒಂದೇ ಕಾರಣಕ್ಕೆ ಒಬ್ಬ ಹುಡುಗನಿಗೆ ಕೆಂಪು ಕೊಟ್ಟೆ ಎಂದಾಯಿತು. ತರಗತಿಗಳಲ್ಲಿ ಮಾಡಬೇಡಿ ಎಂದು ಹೇಳುತ್ತಿದ್ದದ್ದು ಅದನ್ನೇ.

ಗೆರೆಯ ಮೇಲಿದ್ದ ಇಬ್ಬರು ಸಹಾಯಕರನ್ನು ಕೇಳಿದೆ. ಒಬ್ಬ ಆಫ್‌ಸೈಡ್ ನೋಡುತ್ತಿದ್ದ, ಇನ್ನೊಬ್ಬ ಆಚೆ ತುದಿಯಲ್ಲಿದ್ದ. ಮೊಬೈಲ್ ವಿಡಿಯೋ ಊರ ತುಂಬ ಓಡಾಡುತ್ತಿತ್ತು. ಅದರಲ್ಲಿ ದತ್ತಾ, ಬಸವರಾಜ ಇಬ್ಬರೇ ಇದ್ದರು, ನಾನು ಚೌಕಟ್ಟಿನ ಹೊರಗೆ. ಶಬ್ದದ ಮಾತಂತೂ ಬೇಡ, ವಿಡಿಯೋ ಮಾಡಿದವನು ತಾನೇ ಎಲ್ಲರಿಗಿಂತ ಮೊದಲು ಚೀರಿದ್ದ.

ಒಂದು ಮುಂಜಾನೆ ಬಾಪು ವಸ್ತಾದ ಪೇಢೆಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಅವರ ತಾಯಿಯ ತವರು ಚಿಕ್ಕೋಡಿ ಕಡೆ. ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದರು, ಕೆಲಸ ಇದ್ದಾಗ ಇನ್ನಷ್ಟು ಸಿಹಿಯಾಗಿ.

"ಚೌಗಲೆ ಸರ್, ದತ್ತಾ ತಾಲೀಮಿನ ಮಣ್ಣು ಮುಟ್ಟಿ ಹೇಳ್ಯಾನ. ಮುದ್ದಾಮ ಮಾಡಿಲ್ಲ."

ತಾಲೀಮಿನಲ್ಲಿ ಇದು ಕಡೆಯ ಮಾತು. ಕುಸ್ತಿಯ ಮಣ್ಣು ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದವನಿಗೆ ಆ ಮಣ್ಣಿನಲ್ಲಿ ಮತ್ತೆ ಕಾಲಿಡುವ ಯೋಗ್ಯತೆ ಇಲ್ಲ ಎಂದು ಲೆಕ್ಕ.

"ನಾನೂ ನಂಬ್ತೀನಿ ವಸ್ತಾದ," ಅಂದೆ.

"ನಂಬ್ತೀರಿ? ಮತ್ತ ರೆಡ್ ವಾಪಸ್ ತಗೋರಿ."

"ನಂಬೂದು ಬ್ಯಾರೆ, ರೆಡ್ ಬ್ಯಾರೆ. ಅವನ ಮನಸ್ಸಿನಾಗ ಇರಲಿಲ್ಲ, ಖರೆ. ಆದ್ರ ಅವನು ಬಂದದ್ದು ಹೆಂಗ, ಅದನ್ನ ನೋಡಬೇಕಲ್ಲ?"

"ಗಡಹಿಂಗ್ಲಜದವರು ಅವನ ಆಟ ಕಾಯಂ ಬಂದ್ ಮಾಡ್ರಿ ಅನ್ನಾಕತ್ತಾರ. ಆಟ ಬಂದ್ ಆದ್ರ ಆ ಹುಡುಗ ಏನ್ ಮಾಡಬೇಕ್ರಿ? ತಾಲೀಮಿನ ಬಾಗಲ ತುಳಿಯೂದು ಬಿಟ್ಟಾನ. ಊಟ ಬಿಟ್ಟಾನ."

ಪೇಢೆ ವಾಪಸ್ ಕೊಟ್ಟೆ. ಅವರು ಎದ್ದು ಹೋದರು. ಅಂದಿನಿಂದ ನನ್ನ ಸಂಶಯ ದುಪ್ಪಟ್ಟಾಯಿತು. ನನ್ನ ಕಾರ್ಡ್ ತಪ್ಪಾಗಿದ್ದರೆ ಈ ಹುಡುಗನ ಬದುಕು ಅದರ ಕೆಳಗೆ ಸಿಕ್ಕಿಕೊಂಡಿದೆ.

ಕೊಲ್ಹಾಪುರದಲ್ಲಿ ಶಿಸ್ತು ಸಮಿತಿಯ ವಿಚಾರಣೆ ಆಯಿತು. ಉದ್ದನೆಯ ಮೇಜು, ಗೋಡೆಗೆ ಟಿವಿ. ಒಂದು ಬದಿಗೆ ವಸ್ತಾದ, ದತ್ತಾ. ಇನ್ನೊಂದು ಬದಿಗೆ ಗಡಹಿಂಗ್ಲಜ ತಂಡದ ಮ್ಯಾನೇಜರ್ ಶಿವಲಿಂಗ ಕೋರಿ, ಅವರ ಪಕ್ಕದಲ್ಲಿ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲ್ ಮೇಲಿಟ್ಟು ಕೂತ ಬಸವರಾಜ. ಮಧ್ಯದಲ್ಲಿ ನಾನು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಾನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಕೋರಿ ಮೊದಲು ವಿಡಿಯೋ ಹಾಕಿಸಿದರು, ನಿಧಾನ ಮಾಡಿ. ಅಯ್ಯಯ್ಯೋ! ನಿಧಾನ ಮಾಡಿದರೆ ದತ್ತಾ ಕೊಲೆಗಾರನಂತೆ ಕಾಣುತ್ತಿದ್ದ. ಕಾಲು ತೆರೆದು, ಯೋಚಿಸಿ, ಗುರಿಯಿಟ್ಟು, ಮುಚ್ಚಿದಂತೆ. "ನೋಡ್ರಿ, ಪದ್ಧತಶೀರ, ಲೆಕ್ಕ ಹಾಕಿ ಮುರದಾನ," ಎಂದರು ಕೋರಿ. ಹುಡುಗರೇ, ಇದೊಂದು ನೆನಪಿಡಿ: ನಿಧಾನ ಮಾಡಿ ತೋರಿಸಿದರೆ ಕೂಸು ತಾಯಿಯ ಕೆನ್ನೆ ಮುಟ್ಟಿದ್ದೂ ಕಪಾಳಕ್ಕೆ ಹೊಡೆದಂತೆ ಕಾಣುತ್ತದೆ.

ವಸ್ತಾದ ಅದನ್ನೇ ಸಹಜ ವೇಗದಲ್ಲಿ ಹಾಕಿಸಿದರು. "ಕಣ್ಣು ಮಿಟುಕುವುದರಾಗ ಆಗಿ ಹೋತು. ಇದರಾಗ ವಿಚಾರ ಮಾಡಾಕ ಎಲ್ಲಿ ಪುರಸೊತ್ತು ಐತ್ರಿ?" ಎಂದರು. ಒಂದೇ ವಿಡಿಯೋ, ಅದರಲ್ಲಿ ಇಬ್ಬರು ಬೇರೆ ಬೇರೆ ದತ್ತಾ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ದತ್ತಾನನ್ನು ಕೇಳಿದರು. ಅವನು ಎದ್ದು ನಿಂತ, ಮೈ ಅರ್ಧಕ್ಕೆ ಇಳಿದಿತ್ತು. "ಮೈಗೆ ಮೈ ತಾಗಿದ ಕೂಡ್ಲೆ ಕಾಲು ತಾವss ಮುಚ್ಚಿದ್ವು ಸರ್. ಸಣ್ಣಾವಿದ್ದಾಗಿಂದ ಅದನ್ನss ಕಲಿತೀನಿ. ನಾ ಮುಚ್ಚಲಿಲ್ಲ." ವಸ್ತಾದ ತಲೆ ತಗ್ಗಿಸಿದರು. ಆ ಪಟ್ಟು ಕಲಿಸಿದವರು ಅವರೇ.

"ದತ್ತಾ," ನಾನು ಕೇಳಿದೆ, "ಹಾರೂ ಮುಂದ ಚೆಂಡು ಎಲ್ಲಿತ್ತು ನೋಡಿದ್ಯಾ?"

ಅವನು ಬಸವರಾಜನ ಪ್ಲಾಸ್ಟರ್ ಕಡೆ ನೋಡಿದ. "ಇಲ್ಲ ಸರ್. ನೋಡಲಿಲ್ಲ."

ಹೌದು ಎಂದಿದ್ದರೆ ಯಾರೂ ಸುಳ್ಳು ಎಂದು ತೋರಿಸಲು ಆಗುತ್ತಿರಲಿಲ್ಲ. ಅವನ ಮೇಲೆ ನನಗೆ ಅಂದು ಮೂಡಿದ ಗೌರವ ಇಂದಿಗೂ ಇಳಿದಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಿ, ರೆಡ್ ಬಗ್ಗೆ ಇನ್ನೇನಾದರೂ ಹೇಳುವುದಿದೆಯೇ ಎಂದರು. ಆಗ ವಸ್ತಾದ ಎದ್ದರು.

"ನನ್ನದು ಒಂದss ಪ್ರಶ್ನೆ. ಸರ್, ಈ ಬಸವರಾಜನ ಕಾಲು ಮುರೀದಿದ್ರ? ಬಿದ್ದು, ಮೈ ಝಾಡಿಸಿ ಎದ್ದು ಓಡಿದ್ರ? ಆಗೂ ರೆಡ್ ಕೊಡ್ತಿದ್ರೇನು?"

"ಹೌದು," ಅಂದೆ. ರೆಫರಿಯ ಬಾಯಿಗೆ ಆ ಉತ್ತರ ರೂಢಿಯಾಗಿ ಬಂತು.

ವಸ್ತಾದ ಜೇಬಿನಿಂದ ಒಂದು ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ತಾಲೀಮಿನ ಕೆಂಪು ಮಣ್ಣು, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿದ್ದು. ಅದರ ವಾಸನೆ ಕೋಣೆಗೆಲ್ಲ ಹರಡಿತು.

"ಇದನ್ನ ಮುಟ್ಟಿ ಹೇಳ್ರಿ. ನಮ್ಮ ಹುಡುಗ ಮುಟ್ಟಿ ಹೇಳ್ಯಾನ. ನೀವೂ ಹೇಳ್ರಿ. ನಾವು ಒಪ್ಪಿ ಹೋಗ್ತೀವಿ."

ಅಧ್ಯಕ್ಷರು "ಇದೆಲ್ಲ ನಿಯಮದಲ್ಲಿಲ್ಲ" ಎಂದು ಏನೋ ಹೇಳಿದರು. ಯಾರೂ ಅವರ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ನನ್ನ ಕೈ ಮೇಲೆ. ನನ್ನ ಕೈ ಮೇಜಿನ ಮೇಲಿತ್ತು, ಅಲ್ಲಿಂದ ಮುಂದೆ ಹೋಗಲಿಲ್ಲ. ಅತ್ತ ದರಿ, ಇತ್ತ ಪುಲಿ. ಮುಟ್ಟಿದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದಂತೆ. ಮುಟ್ಟದಿದ್ದರೆ ರೆಡ್ ಅಲ್ಲೇ ಬಿತ್ತು, ಅದರ ಜೊತೆಗೆ ನಾನು ಇಷ್ಟು ವರ್ಷ ಕೊಟ್ಟ ಎಲ್ಲ ಕಾರ್ಡುಗಳೂ ಬಿದ್ದವು. ಹೆದರಿದ್ದೆ, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

"ನಾ ಒಂದು ಮಾತು ಹೇಳಲ್ಯಾ?" ಎಂದ ಬಸವರಾಜ.

ಅಲ್ಲಿಯವರೆಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಎಲ್ಲರೂ ಅವನ ಕಾಲಿನ ಬಗ್ಗೆ ಮಾತಾಡುತ್ತಿದ್ದೆವು, ಅವನನ್ನು ಬಿಟ್ಟು. ಅವನು ಮರಾಠಿಯಲ್ಲಿ ಶುರು ಮಾಡಿದ, ಎರಡು ಮಾತು ಆಡಿ ತಡವರಿಸಿದ, ಬಿದ್ದ ಗಳಿಗೆಯ ಮಾತು ಬಂದ ಕೂಡಲೇ ಕನ್ನಡಕ್ಕೆ ಇಳಿದುಬಿಟ್ಟ.

"ನಾ ಉಳ್ಳಿ ಬಿದ್ದು ತಲಿ ಎತ್ತಿ ನೋಡಿದ್ನಿರಿ. ಸರ್ ಕೈ ಮ್ಯಾಲಿತ್ತು, ಕೈಯಾಗ ಕೆಂಪ ಕಾರ್ಡ್ ಇತ್ತು. ಆಗ ನನಗ ಕಾಲು ಮುರದದ್ದು ಗೊತ್ತss ಇರಲಿಲ್ಲ. ನೋವೂ ಇರಲಿಲ್ಲ. 'ಛಲೋ ಆತು, ದತ್ತಾ ಹೋದ, ಫ್ರೀ ಕಿಕ್ ನಾನss ಹೊಡಿತೀನಿ' ಅಂತ ಎದ್ದು ನಿಲ್ಲಾಕ ಹೋದೆ. ಕಾಲು ಊರಿದೆ ನೋಡ್ರಿ, ಆಗ ಜೀವ ಹೋತು. ಆಗ ಒದರಿದೆ."

ಸಮಿತಿಯವರಿಗೆ ಕನ್ನಡ ಬಾರದು. ಅಧ್ಯಕ್ಷರು ಏನೆಂದ ಎಂದು ನನ್ನ ಕಡೆ ಕೈ ಮಾಡಿದರು. ನಾನು ಹೇಳುವಂತಿರಲಿಲ್ಲ, ನನ್ನ ಪರವಾದ ಸಾಕ್ಷಿಯನ್ನು ನಾನೇ ಹೇಳಿದರೆ ಯಾರು ನಂಬುತ್ತಾರೆ? ಆಗ ಕೋರಿ ಎದ್ದು ನಿಂತರು. ಕಾಲು ಮುರಿದದ್ದಕ್ಕೆ ದತ್ತಾನ ಆಟ ಕಾಯಂ ಬಂದ್ ಮಾಡಿ ಎಂದು ಬಂದ ಮನುಷ್ಯ, ಕಾರ್ಡ್ ಮುರಿತಕ್ಕಲ್ಲ, ಬಂದ ರೀತಿಗೆ ಎಂಬ ಮಾತನ್ನು ತಾನೇ ಮರಾಠಿಯಲ್ಲಿ ಹೇಳಬೇಕಾಯಿತು. ಒಂದು ಶಬ್ದ ಬಿಡದೆ ಹೇಳಿದರು, ಫ್ರೀ ಕಿಕ್ ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಎದುರಿಗಿದ್ದ ವಸ್ತಾದರನ್ನು ನೋಡಿದರು.

"ಬರೋಬರ ಹೇಳ್ಯಾರ," ಎಂದರು ವಸ್ತಾದ. ಅವರ ದನಿ ಸಣ್ಣದಾಗಿತ್ತು. ಕರವಸ್ತ್ರ ಮಡಿಚಲು ಕೈ ಹಾಕಿದರು.

"ಇರಲಿ ವಸ್ತಾದ," ಎಂದು ನಾನು ಕೈ ಚಾಚಿ ಆ ಮಣ್ಣು ಮುಟ್ಟಿದೆ. "ಕೊಡ್ತಿದ್ದೆ. ಕಾಲು ಮುರೀದಿದ್ರೂ ಕೊಡ್ತಿದ್ದೆ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಅಷ್ಟು ಹಗುರ ನನಗೆ ಮಗಳ ಹೆರಿಗೆ ಸುಸೂತ್ರ ಆಯಿತೆಂದು ತಿಳಿದಾಗಷ್ಟೇ ಆಗಿತ್ತು.

ಅಧ್ಯಕ್ಷರು ತೀರ್ಪು ಓದಿದರು. ರೆಡ್ ನಿಂತಿತು. ರೆಡ್‌ಗೆ ಎಲ್ಲರಿಗೂ ಸಿಗುವ ಶಿಕ್ಷೆಯೇ ದತ್ತಾನಿಗೂ, ಮುರಿದ ಎಲುಬಿಗೆಂದು ಬೇರೆ ಏನೂ ಇಲ್ಲ. ದತ್ತಾ ಮುಖ ಮುಚ್ಚಿಕೊಂಡು ಅತ್ತ, ಬಸವರಾಜನ ಸ್ಟೂಲ್ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಸವರಾಜ ಅವನ ಬೆನ್ನಿಗೆ ಒಂದು ಗುದ್ದಿ, "ಅಳಬ್ಯಾಡೋ, ಮುಂದಿನ ಸಲ ಚೆಂಡು ನೋಡಿ ಬಾ" ಎಂದ. ಆ ಗುದ್ದಿಗೆ ಯಾವ ಕಾರ್ಡ್ ಎಂದು ಕೋರಿ ನನ್ನನ್ನು ಕೇಳಿದರು. ಎಲ್ಲರೂ ನಕ್ಕರು. ಮರುವರ್ಷ ಇಬ್ಬರೂ ಆಡಿದರು, ಬಸವರಾಜನ ಓಟ ಸ್ವಲ್ಪ ತಗ್ಗಿತ್ತು, ಬಾಯಿ ತಗ್ಗಿರಲಿಲ್ಲ.

ಮೆಟ್ಟಿಲು ಇಳಿಯುವಾಗ ವಸ್ತಾದ ನನ್ನ ತೋಳು ಹಿಡಿದರು.

"ಸರ್, ಖರೆ ಹೇಳ್ರಿ. ಮೊದಲss ಯಾಕ ಮುಟ್ಟಲಿಲ್ಲ?"

"ಗೊತ್ತಿರಲಿಲ್ಲ ವಸ್ತಾದ."

"ಗೊತ್ತಿರಲಿಲ್ಲ? ಬಾಯಿಲೆ ಹೌದು ಅಂದ್ರಲ್ಲ?"

"ಹೌದು ಅಂದಾಂವ ರೆಫರಿ. ಕೈ ಮುಂದ ಹೋಗಲಾರದಾಂವ ನಾನು."

ವಸ್ತಾದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಬೀದಿ ಬದಿಯ ಗಾಡಿಯವನಿಗೆ ಕೂಗಿದರು: "ಏ, ಒಂದು ಚಹಾ ಈ ರೆಫರಿಗೆ ಕೊಡೋ. ಇನ್ನೊಂದು ಚೌಗಲೆಗೆ."

ಗಾಡಿಯವನು ಎರಡು ಕಪ್ ತಂದಿಟ್ಟ. ಎರಡನ್ನೂ ನಾನೇ ಕುಡಿದೆ.